ರಿಟೇಲ್ ಕಂಪನಿಯಲ್ಲಿ ಫೈನಾನ್ಸ್ ಟ್ರೇನಿ: ಸೇರಲಾ, ಬಿಡಲಾ? ಅನುಭವ ಇದ್ದವರು ಹೇಳಿ

ವಿದ್ಯಾನಗರ ಬಿಕಾಂ:
ನಾನು ಹುಬ್ಬಳ್ಳಿಯವಳು. ಈ ವರ್ಷ ಬಿಕಾಂ ಮುಗಿಯಿತು, ಸಿಎ ಇಂಟರ್ (ಸಿಎ ಓದಿನ ಎರಡನೇ ಹಂತದ ಪರೀಕ್ಷೆ) ಎರಡು ಗ್ರೂಪಿನಲ್ಲಿ ಒಂದು ಆಗಿದೆ. ಒಂದು ದೊಡ್ಡ ರಿಟೇಲ್ ಕಂಪನಿ ಡಿಗ್ರಿ ಮುಗಿಸಿದವರನ್ನು ಟ್ರೇನಿಯಾಗಿ ತಗೊಳ್ಳುತ್ತೆ, ಅದರ ಫೈನಾನ್ಸ್ ವಿಭಾಗಕ್ಕೆ ಆಯ್ಕೆ ಆಗಿದ್ದೇನೆ. ಬೆಂಗಳೂರಿನಲ್ಲಿ 2 ವರ್ಷ, ಮೊದಲ 6 ತಿಂಗಳು ಸ್ಟೋರಿನಲ್ಲಿ. ವರ್ಷಕ್ಕೆ 4.2 ಲಕ್ಷ, ನಡುವೆ ಬಿಟ್ಟರೆ ಕಟ್ಟಬೇಕಾದ ಬಾಂಡ್ 1.5 ಲಕ್ಷ. ಉಳಿದ ಗ್ರೂಪ್ ಬರೆಯಲು ರಜೆ ಕೊಡ್ತಾರಾ? ಶುಕ್ರವಾರದೊಳಗೆ ಉತ್ತರ ಹೇಳಬೇಕು.

ಬೆಟಗೇರಿ ಅಕ್ಕ:
ಸುಮ್ನೆ ಸೇರಿಬಿಡು ತಂಗಿ. ನಾನು 2015ರಲ್ಲಿ ಹೀಗೇ ಹೋದವಳು. "ಇಷ್ಟು ಓದಿ ಅಂಗಡಿಯಲ್ಲಿ ನಿಲ್ತೀಯಾ?" ಅಂತ ಗದಗಿನ ಮನೆಯಲ್ಲಿ ಎಲ್ಲರೂ ಕೇಳಿದರು. ಹೌದು, ನಿಂತೆ. ಸ್ಟೋರಿನ ಹಿಂಬಾಗಿಲಲ್ಲಿ ಬೆಳಗ್ಗೆ 6ಕ್ಕೆ ಗಾಡಿ ಬರುತ್ತಿತ್ತು. ಒಂದು ದಿನ ಪಿಒದಲ್ಲಿ (ನಾವು ಕೊಟ್ಟ ಆರ್ಡರ್) 240 ಪ್ಯಾಕೆಟ್ ತೊಗರಿಬೇಳೆ, ಬಿಲ್ಲಿನಲ್ಲೂ 240. ನಾಲ್ಕು ಪ್ಯಾಕೆಟ್ ಹರಿದು ಬೇಳೆ ಗಾಡಿಯಲ್ಲೇ ಚೆಲ್ಲಿತ್ತು. ಅವಸರದಲ್ಲಿ, ಮಾಲು ಇಷ್ಟು ಬಂತು ಅಂತ ಸಹಿ ಹಾಕುವ ಚೀಟಿ ಅಂದರೆ ಜಿಆರ್‌ಎನ್‌ನಲ್ಲಿ 240 ಅಂತಲೇ ಹಾಕಿದೆ. ಸ್ಟಾಕ್ ಎಣಿಕೆಯಲ್ಲಿ ಕಡಿಮೆ ಬಂತು. ಸಪ್ಲೈಯರ್‌ಗೆ ದುಡ್ಡು ಹೋಗಿಯಾಗಿತ್ತು, ಕಡಿಮೆ ಬಂದ ಮಾಲಿನ ದುಡ್ಡು ಕೇಳಿದ ನಮ್ಮ ಡೆಬಿಟ್ ನೋಟ್ ಅವರು ಒಪ್ಪಲೇ ಇಲ್ಲ. ನಿಮ್ಮದೇ ಸಹಿ ಇದೆಯಲ್ಲ ಅಂದರು. ಪಿಒ, ಜಿಆರ್‌ಎನ್, ಬಿಲ್ಲು ಮೂರೂ ತಾಳೆ ಆಗದೆ ಪೇಮೆಂಟ್ ಬಿಡಬಾರದು ಅಂತ ಪುಸ್ತಕದಲ್ಲಿ ಓದಿದ್ದೆ. ತಲೆಗೆ ಹೋಗಿದ್ದು ಆ ನಾಲ್ಕು ಪ್ಯಾಕೆಟ್ಟಿನಿಂದ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಜೂನ್ 30ರ ರಾತ್ರಿ ಇದ್ದ ಸ್ಟಾಕಿನ ಮೇಲೆ ಹಳೆ ತೆರಿಗೆಯ ಕ್ರೆಡಿಟ್ ಪಡೆಯಲು ಟ್ರಾನ್-1 ಅನ್ನೋ ಫಾರಂ ತುಂಬಬೇಕಿತ್ತು. ಆಗ ನಮ್ಮ ಟೀಮಿನಲ್ಲಿ ಗೋಡೌನ್ ಕಂಡವಳು ನಾನೊಬ್ಬಳೇ. ಈಗ ಎಂಟು ಜನ ನನ್ನ ಕೈಕೆಳಗಿದ್ದಾರೆ.

ಹಾವೇರಿ ಹುಡುಗ:
ಎಲ್ಲರಿಗೂ ಹಾಗೆ ಆಗಲ್ಲ. ನನ್ನ ಲೆಕ್ಕ ನೋಡಿ. 2019ರ ಆಗಸ್ಟ್‌ನಲ್ಲಿ ಸೇರಿದೆ. ಕೈಗೆ 19,640. ಪಿಜಿ 7,500. ಅಡ್ವಾನ್ಸ್ 10,000 ಕೊಟ್ಟಿದ್ದೆ, ಬಿಡುವಾಗ ಬಣ್ಣದ ಖರ್ಚು ಅಂತ 3,000 ಮುರಿದುಕೊಂಡರು. ಕಪ್ಪು ಶೂನೇ ಹಾಕಬೇಕು ಅಂದರು, 1,899. ದಿನಕ್ಕೆ 9 ತಾಸು ನಿಂತು ನಾಲ್ಕೇ ತಿಂಗಳಲ್ಲಿ ಅಟ್ಟೆ ಕಿತ್ತಿತು. ರಾತ್ರಿ ಸ್ಟೋರ್ ಮುಚ್ಚಿದ ಮೇಲೆ ನಗದು, ಕಾರ್ಡ್, ಯುಪಿಐ, ಕೂಪನ್ ಎಲ್ಲ ಬೇರೆ ಬೇರೆ ತಾಳೆ ನೋಡಬೇಕು. 11:40ಕ್ಕೆ ಹೊರಗೆ ಬಂದರೆ ಬಸ್ ಇಲ್ಲ, ಆಟೋಗೆ 180.

6 ತಿಂಗಳು ಅಂತ ಹೇಳಿ 11 ತಿಂಗಳು ಸ್ಟೋರಿನಲ್ಲೇ ಇಟ್ಟರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ದಿನಸಿ ಮಾರಾಟ ನಿಲ್ಲಿಸುವ ಹಾಗಿರಲಿಲ್ಲ, ನಮ್ಮನ್ನು ಬಿಲ್ಲಿಂಗಿಗೆ ಕೂರಿಸಿದರು. 14ನೇ ತಿಂಗಳಿಗೆ ಬಿಟ್ಟೆ. ಬಾಂಡ್ 1 ಲಕ್ಷ ಕಟ್ಟಿಸಿಕೊಂಡರು. ಬೋರ್ ಕೊರೆಸಬೇಕು ಅಂತ ಅಪ್ಪ ಎತ್ತಿಟ್ಟಿದ್ದ ಮೆಣಸಿನಕಾಯಿ ದುಡ್ಡು ಅದು. ದುಡ್ಡು ಪೂರ್ತಿ ಬರುವವರೆಗೆ ರಿಲೀವಿಂಗ್ ಲೆಟರ್ ಕೊಡಲಿಲ್ಲ. ಐದು ವಾರ. ಅಷ್ಟರಲ್ಲಿ ಇನ್ನೊಂದು ಕೆಲಸವೂ ಕೈ ತಪ್ಪಿತು.

ಬೆಟಗೇರಿ ಅಕ್ಕ:
ಸಹಿ ಹಾಕುವ ಮೊದಲು ಓದಬೇಕಿತ್ತಲ್ವಾ ತಮ್ಮ? ಬಿಲ್ಲಿಂಗಿಗೆ ನಾವೂ ಕೂತಿದ್ದೇವೆ.

ಹಾವೇರಿ ಹುಡುಗ:
ಓದೇ ಹಾಕಿದ್ದೆ ಅಕ್ಕಾರೆ. 6 ತಿಂಗಳು ಅಂತ ಬರೆದಿತ್ತು. ಮಾತು ತಪ್ಪಿದ್ದು ನಾನಲ್ಲ.

ಕೋರ್ಟ್ ಸರ್ಕಲ್ ಸಿಎ:
ಇಬ್ಬರೂ ತಪ್ಪು ದಾರಿ ತೋರಿಸ್ತಿದ್ದೀರಿ. ಮೊದಲು ಇಂಟರ್ ಮುಗಿಸಬೇಕು. ನಾನು ಐಪಿಸಿಸಿ (ಇಂಟರ್‌ಗೆ ಆಗ ಇದ್ದ ಹೆಸರು) ಎರಡನೇ ಗ್ರೂಪ್ ನಾಲ್ಕು ಸಲ ಬರೆದೆ. ಒಂದು ಸಲ 300ಕ್ಕೆ 147 ಬಂತು, ಬೇಕಾಗಿದ್ದು 150. ಆ ಮಾರ್ಕ್ಸ್ ಶೀಟ್ ಇನ್ನೂ ಇಟ್ಟುಕೊಂಡಿದ್ದೇನೆ. ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸು, ತಿಂಗಳಿಗೆ 2,000 ಸ್ಟೈಪೆಂಡ್, ಸಿಎ ಆಫೀಸಿನಲ್ಲಿ ಕೆಲಸ ಕಲಿಯುವ ಮೂರು ವರ್ಷದ ಆರ್ಟಿಕಲ್‌ಶಿಪ್. 2023ರ ಜುಲೈನಲ್ಲಿ ಬಂದ ಹೊಸ ಸ್ಕೀಮಿನಲ್ಲಿ ಅದು 2 ವರ್ಷ ಆಗಿದೆ, ಆದರೆ ಎರಡೂ ಗ್ರೂಪ್ ಆಗದೆ ಸೇರೋಕಾಗಲ್ಲ. ಟ್ರೇನಿ ಅಂತ ಎರಡು ವರ್ಷ ದುಡಿದರೂ ಅದು ಆರ್ಟಿಕಲ್‌ಶಿಪ್ ಲೆಕ್ಕಕ್ಕೆ ಬರಲ್ಲ.

ದುರ್ಗದ ಬೈಲು:
ಎಲ್ಲರೂ ನಿಮ್ಮ ನಿಮ್ಮ ಸಂಬಳ ನೋಡ್ತಿದ್ದೀರಿ. ನಮ್ಮದು ಅಜ್ಜನ ಕಾಲದ ಕಿರಾಣಿ ಅಂಗಡಿ. ದಿನಕ್ಕೆ 18,000 ಇದ್ದ ವ್ಯಾಪಾರ 7,000ಕ್ಕೆ ಇಳಿದಿದೆ. ನಮಗೆ ಬೀಳುವ ರೇಟಿಗಿಂತ ಕಡಿಮೆಗೆ ಈ ದೊಡ್ಡ ಕಂಪನಿಯವರು ಗಿರಾಕಿಗೇ ಮಾರ್ತಾರೆ. ನಮ್ಮೂರ ಮಕ್ಕಳೇ ಅಲ್ಲಿ ಕೂತು ಆ ಲೆಕ್ಕ ಬರೀತಾರೆ.

ಬೆಟಗೇರಿ ಅಕ್ಕ:
ಅಣ್ಣಾರೆ, ನಾನು ಬಿಕಾಂ ಮುಗಿಸಿ ಗದಗಿನಲ್ಲಿ ಮೂರು ಅಂಗಡಿಗೆ ಕೆಲಸ ಕೇಳಿದ್ದೆ. ಒಬ್ಬರು 4,000 ಅಂದರು, ಇನ್ನೊಬ್ಬರು ಹುಡುಗೀರು ಬೇಡ ಅಂದರು. ಮೂರನೆಯವರು ಉತ್ತರವನ್ನೇ ಕೊಡಲಿಲ್ಲ. ಆಮೇಲೆ ಬೆಂಗಳೂರಿಗೆ ಹೋದೆ.

ದುರ್ಗದ ಬೈಲು:
4,000 ಕೊಡೋದಕ್ಕೂ ಗಲ್ಲಾದಲ್ಲಿ ದುಡ್ಡು ಇರಬೇಕಲ್ಲ.

ಸಪ್ತಾಪುರ ವಕೀಲ:
ಬಾಂಡ್ ಬಗ್ಗೆ ಒಂದು ಮಾತು. ಕೋರ್ಟಿನಲ್ಲಿ ನಿಲ್ಲಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2025ರ ಮೇನಲ್ಲಿ ವಿಜಯಾ ಬ್ಯಾಂಕ್ ಕೇಸಿನಲ್ಲಿ 3 ವರ್ಷ, 2 ಲಕ್ಷದ ಬಾಂಡನ್ನು ಸುಪ್ರೀಂ ಕೋರ್ಟ್ ಎತ್ತಿ ಹಿಡಿದಿದೆ.

ಹಾವೇರಿ ಹುಡುಗ:
ಅದು ಸರ್ಕಾರಿ ಬ್ಯಾಂಕು ವಕೀಲರೇ, ಪರೀಕ್ಷೆ ನಡೆಸಿ ಆಫೀಸರ್ ತಗೊಂಡಿದ್ದು. ಬಿಲ್ಲಿಂಗಿಗೆ ಕೂರಿಸಿದವರಿಗೂ ಅದೇ ನ್ಯಾಯನಾ?

ಸಪ್ತಾಪುರ ವಕೀಲ:
ಟ್ರೇನಿಂಗ್ ಕೊಟ್ಟೇ ಇಲ್ಲ ಅಂತ ತೋರಿಸೋಕೆ ಡ್ಯೂಟಿ ಚಾರ್ಟ್ ಇಟ್ಟುಕೊಂಡಿದ್ದರಾ? ದುಡ್ಡು ಕಟ್ಟುವ ಮೊದಲು ಒಂದು ನೋಟಿಸಾದರೂ ಕೊಡಬೇಕಿತ್ತು.

ಹಾವೇರಿ ಹುಡುಗ:
ನೋಟಿಸಿಗೆ ಫೀಸು ಯಾರು ಕೊಡ್ತಿದ್ದರು?

ವಿದ್ಯಾನಗರ ಬಿಕಾಂ:
ಎಲ್ಲರಿಗೂ ಥ್ಯಾಂಕ್ಸ್. ಪರೀಕ್ಷೆ ರಜೆ ಬಗ್ಗೆ ಮಾತ್ರ ಯಾರೂ ಹೇಳಲಿಲ್ಲ.

ಬೆಟಗೇರಿ ಅಕ್ಕ:
ನಾನು ಎರಡು ಸಲ ಕೇಳಿದ್ದೆ ತಂಗಿ. ನವೆಂಬರಿಗೆ 10 ದಿನ ಕೊಟ್ಟರು, ಸಂಬಳ ಇಲ್ಲ. ಬರೆದೆ, ಆಗಲಿಲ್ಲ. ಮುಂದಿನ ಮೇಗೆ ಕೇಳಿದಾಗ ಆಡಿಟ್ ನಡೀತಿದೆ, ಆಗಲ್ಲ ಅಂದರು. ಹಾಲ್ ಟಿಕೆಟ್ ಪ್ರಿಂಟ್ ಮಾಡಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಆಮೇಲೆ ನಾನು ಸಿಎ ಬರೆದಿಲ್ಲ. ನೀನು ಸಹಿ ಹಾಕುವ ಮೊದಲೇ ಎಚ್‌ಆರ್‌ಗೆ ಮೇಲ್ ಹಾಕು. ನೋಡೋಣ ಅಂತ ಫೋನಿನಲ್ಲಿ ಅಂದರೆ ಒಪ್ಪಬೇಡ. ಎಷ್ಟು ದಿನ, ಯಾವ ತಿಂಗಳು ಅಂತ ಮೇಲ್‌ನಲ್ಲೇ ಬರಲಿ.

ಹಾವೇರಿ ಹುಡುಗ:
ಅಕ್ಕಾರು ಹೇಳಿದ್ದು ಸರಿ. ಜೊತೆಗೆ ಇದನ್ನೂ ಕೇಳಿ: ಸಂಬಳ ಇಲ್ಲದ ರಜೆ ಟ್ರೇನಿಂಗ್ ಅವಧಿಯಲ್ಲಿ ಸೇರುತ್ತಾ? ನನ್ನ 9 ದಿನವನ್ನು ಬಾಂಡಿನ ಕೊನೆಗೆ ಜೋಡಿಸಿದ್ದರು.