ಚೀನೀ ಗಾದೆಗಳ ಇಂಗ್ಲಿಷ್ ಅನುವಾದ: ಸಮಾನ ನುಡಿ ಹುಡುಕಬೇಕೆ, ಕಥೆ ಉಳಿಸಬೇಕೆ?

ಪ್ರಶ್ನೆ (ಬದಿಯಡ್ಕದಿಂದ):
ನಮ್ಮ ಶಾಲೆಯ ಕೈಬರಹದ ಪತ್ರಿಕೆಗಾಗಿ ಕೆಲವು ಚೀನೀ ಗಾದೆಗಳನ್ನು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ತರುತ್ತಿದ್ದೇನೆ. ‘ಸೈ ವೆಂಗ್ ಶಿ ಮಾ’ ಎಂಬ ನಾಲ್ಕಕ್ಷರದ ನುಡಿಯನ್ನು ಒಂದು ಇಂಗ್ಲಿಷ್ ಪುಸ್ತಕ ‘ಗಡಿಯ ಮುದುಕ ಕುದುರೆ ಕಳೆದುಕೊಂಡ’ ಎಂದು ಪದಶಃ ಕೊಟ್ಟಿದೆ. ಇನ್ನೊಂದು ಪುಸ್ತಕ ಅದನ್ನೇ ‘ಬ್ಲೆಸ್ಸಿಂಗ್ ಇನ್ ಡಿಸ್‌ಗೈಸ್’ ಎಂದಿದೆ. ಮೊದಲನೆಯದನ್ನು ಓದಿದರೆ ಮಕ್ಕಳಿಗೆ ಏನೂ ಹೊಳೆಯದು, ಎರಡನೆಯದರಲ್ಲಿ ಮುದುಕನೂ ಇಲ್ಲ, ಕುದುರೆಯೂ ಇಲ್ಲ. ಯಾವುದನ್ನು ಆಧಾರವಾಗಿ ಇಟ್ಟುಕೊಳ್ಳಲಿ? ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಮಂಜೇಶ್ವರದಿಂದ):
ಪದಶಃ ಇರುವುದನ್ನೇ ಇಟ್ಟುಕೊಂಡು, ಕಥೆಯನ್ನು ಜೊತೆಗೆ ಸೇರಿಸಿ. ಕ್ರಿ.ಪೂ. 2ನೇ ಶತಮಾನದ ‘ಹ್ವಾಯ್‌ನಾನ್‌ಜಿ’ ಗ್ರಂಥದಲ್ಲಿ ಈ ಕಥೆಯಿದೆ. ಗಡಿಯಾಚೆ ಓಡಿಹೋದ ಕುದುರೆ ಕೆಲವು ತಿಂಗಳ ನಂತರ ಒಳ್ಳೆಯ ತಳಿಯ ಕುದುರೆಗಳನ್ನು ಕರೆದುಕೊಂಡು ಮರಳುತ್ತದೆ. ಆ ಕುದುರೆ ಸವಾರಿಯಲ್ಲಿ ಮಗ ಬಿದ್ದು ತೊಡೆ ಮುರಿದುಕೊಳ್ಳುತ್ತಾನೆ. ಮುಂದೆ ಯುದ್ಧವಾಗಿ ಊರಿನ ಗಟ್ಟಿಮುಟ್ಟಾದ ಗಂಡಸರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸತ್ತಾಗ, ಕುಂಟನಾದ ಕಾರಣಕ್ಕೇ ಅವನು ಉಳಿಯುತ್ತಾನೆ. ನೆರೆಯವರು ಮರುಗಿದಾಗ ಮುದುಕ ‘ಇದು ಭಾಗ್ಯವಾಗಬಾರದೇಕೆ?’ ಎನ್ನುತ್ತಾನೆ, ಅವರು ಹಿಗ್ಗಿದಾಗ ‘ಇದು ಕೇಡಾಗಬಾರದೇಕೆ?’ ಎನ್ನುತ್ತಾನೆ. ‘ಬ್ಲೆಸ್ಸಿಂಗ್ ಇನ್ ಡಿಸ್‌ಗೈಸ್’ ಎಂಬ ಇಂಗ್ಲಿಷ್ ನುಡಿಯಾದರೋ ಕೇಡಿನೊಳಗೆ ಒಳಿತು ಅಡಗಿತ್ತು ಎಂದು ತೀರ್ಪು ಕೊಟ್ಟು ಅಲ್ಲಿಗೇ ನಿಲ್ಲುತ್ತದೆ. ನಮ್ಮ ‘ಆದದ್ದೆಲ್ಲ ಒಳ್ಳೆಯದಕ್ಕೇ’ ಎಂಬ ಸಾಂತ್ವನದ ಮಾತಿಗೂ ಇದೇ ಕೊರತೆಯಿದೆ, ಅದನ್ನೂ ಬಳಸಬೇಡಿ. ಚೀನೀಯರು ಹಲವು ಸಲ ಈ ಗಾದೆಗೆ ಇನ್ನೊಂದು ಅರ್ಧ ಸೇರಿಸಿ ಹೇಳುತ್ತಾರೆ: ‘ಅದು ಭಾಗ್ಯವಲ್ಲವೆಂದು ಹೇಗೆ ಗೊತ್ತು?’ ಆ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಉಳಿಸುವುದು ಅನುವಾದಕರ ಮೊದಲ ಕರ್ತವ್ಯವೆಂದು ನನ್ನ ದೃಢವಾದ ಅಭಿಪ್ರಾಯ. ಗಡಿನಾಡಿನ ನಮ್ಮ ಮಕ್ಕಳಿಗೆ ಗಡಿಯ ಮುದುಕ ಅಪರಿಚಿತನಾಗಲಾರ.

ಉತ್ತರ (ಕಾಸರಗೋಡಿನಿಂದ):
ಬರಹಕ್ಕೆ ಮೇಲಿನ ಮಾತು ಸರಿ, ಆದರೆ ಸಭೆಯಲ್ಲಿ ನಿಂತು ಭಾಷಣವನ್ನು ಅನುವಾದಿಸುವವರಿಗೆ ಕಥೆ ಹೇಳುವಷ್ಟು ಹೊತ್ತು ಸಿಗುವುದಿಲ್ಲ. ಇಲ್ಲಿನ ಸಭೆಗಳಲ್ಲಿ ಮಲಯಾಳದ ಭಾಷಣಕ್ಕೆ ಕನ್ನಡದ ದನಿಯಾಗುವವನು ನಾನು. ಭಾಷಣಕಾರರು ‘ಅಣ್ಣಾನ್ ಕುಞ್ಞುಂ ತನ್ನಾಲಾಯತ್’ (ಅಳಿಲ ಮರಿಯೂ ತನ್ನಿಂದಾದಷ್ಟು) ಎಂದ ಕೂಡಲೇ ನಾನು ‘ಅಳಿಲು ಸೇವೆ’ ಎನ್ನುತ್ತೇನೆ, ಕೇಳುವವರು ತಲೆಯಾಡಿಸುತ್ತಾರೆ. ಸೇತುವೆ ಕಟ್ಟಿದ ಅಳಿಲಿನ ಕಥೆ ಎರಡೂ ಭಾಷೆಯವರಿಗೆ ಮೊದಲೇ ಗೊತ್ತಿರುವುದರಿಂದ ಮಾತ್ರ ಅದು ಸಾಧ್ಯ. ಚೀನೀ ಭಾಷೆಗೂ ಇಂಗ್ಲಿಷಿಗೂ ಅಂಥ ಸಮಾನ ಕಥೆಯಿಲ್ಲ. ಆದ್ದರಿಂದ ದುಭಾಷಿ ಅಲ್ಲಿ ‘ಒಳಿತೋ ಕೆಡುಕೋ ಈಗಲೇ ಹೇಳಲಾಗದು’ ಎಂದು ಭಾವವನ್ನಷ್ಟೇ ಸರಳವಾಗಿ ದಾಟಿಸುವುದು ಲೇಸು.

ಉತ್ತರ (ಕುಂಬಳೆಯಿಂದ):
ಅನುವಾದಿಸುವ ಮುನ್ನ ಆ ನುಡಿ ನಿಜವಾಗಿ ಚೀನಾದ್ದೇ ಎಂದೂ ನೋಡಿಕೊಳ್ಳಿ. ‘ಒಂದು ಚಿತ್ರ ಹತ್ತು ಸಾವಿರ ಮಾತಿಗೆ ಸಮ’ ಎಂಬುದು 1927ರಲ್ಲಿ ಅಮೆರಿಕದ ಜಾಹೀರಾತುದಾರ ಫ್ರೆಡ್ ಬರ್ನಾರ್ಡ್ ‘ಚೀನೀ ಗಾದೆ’ ಎಂಬ ಹೆಸರು ಕೊಟ್ಟು ಅಚ್ಚು ಹಾಕಿಸಿದ ಮಾತು. ನಿಮ್ಮ ಪಟ್ಟಿಯಲ್ಲಿ ಅದಿದ್ದರೆ ಕೈಬಿಡಿ.