ಟಿಹುವಾನಾದ ಟಾಕೋ ಗಾಡಿಗೆ ಒಂದು ದಿನದಲ್ಲಿ ಹೋಗಿಬರೋದು ಹೇಗೆ? ಗೊತ್ತಿರುವವರು ತಿಳಿಸಿ

ಪ್ರಶ್ನೆ: ಕ್ಯಾಲಿಫೋರ್ನಿಯಾದ ಅರ್ವೈನ್‌ನಿಂದ ಶನಿವಾರ ಬೆಳಿಗ್ಗೆ ಹೊರಟು, ಗಡಿಯಾಚೆ ಮೆಕ್ಸಿಕೊದ ಟಿಹುವಾನಾದಲ್ಲಿ ರಸ್ತೆಬದಿಯ ಟಾಕೋ (ತೆಳು ರೊಟ್ಟಿಯಲ್ಲಿ ಮಾಂಸ ಮಡಿಸಿ ಕೊಡೋದು) ತಿಂದು, ರಾತ್ರಿಯೊಳಗೆ ಮನೆ ಸೇರಬೇಕು. ನಾನು ಮತ್ತು ಅಮ್ಮ. ನನ್ನದು ಎಚ್-1ಬಿ (ಅಮೆರಿಕದ ಕೆಲಸದ ವೀಸಾ), ಪಾಸ್‌ಪೋರ್ಟಿನಲ್ಲಿರುವ ವೀಸಾ ಅವಧಿ ಮುಗಿದಿದೆ, ಐ-797 (ಇಲ್ಲಿ ಇರಲು ಕೊಟ್ಟ ಒಪ್ಪಿಗೆ ಪತ್ರ) ಇದೆ. ಅಮ್ಮನದು 10 ವರ್ಷದ ವಿಸಿಟರ್ ವೀಸಾ. ಅವರು ಸಸ್ಯಾಹಾರಿ. ನಾನು ಮಾಂಸ ತಿಂತೀನಿ, ದನದ್ದು ಬೇಡ.

ಸ್ಯಾನ್ ಡಿಯಾಗೊದ ಮೀರಾ ಮೆಸಾದಿಂದ ಒಬ್ಬರು: ಕಾರನ್ನು ಗಡಿಯಾಚೆ ಒಯ್ಯಬೇಡಿ. ಅಮೆರಿಕದ ವಿಮೆ ಅಲ್ಲಿ ನಡೆಯಲ್ಲ, ಮೆಕ್ಸಿಕೊದ್ದು ಬೇರೆ ಕೊಳ್ಳಬೇಕು. ವಾಪಸ್ ಬರುವಾಗ ಕಾರಿನ ಸಾಲಿನಲ್ಲಿ ಗಂಟೆಗಟ್ಟಲೆ ಕೂರಬೇಕು. ಪೆಸಿಫಿಕ್ ಸರ್ಫ್‌ಲೈನರ್ ರೈಲು ಹಿಡಿದು ಸ್ಯಾನ್ ಡಿಯಾಗೊದ ಸ್ಯಾಂಟಾ ಫೆ ಡಿಪೊದಲ್ಲಿ ಇಳಿಯಿರಿ. (ಸ್ಯಾನ್ ಕ್ಲೆಮೆಂಟೆ ಹತ್ತಿರ ಗುಡ್ಡ ಜರಿದು ಹಳಿ ಮುಚ್ಚೋದು ಇತ್ತೀಚೆಗೆ ಮಾಮೂಲಾಗಿದೆ, ಹಿಂದಿನ ದಿನವೇ ನೋಡಿಕೊಳ್ಳಿ.) ಎದುರಿಗೇ ಅಮೆರಿಕ ಪ್ಲಾಝಾದಲ್ಲಿ ಬ್ಲೂ ಲೈನ್ ಟ್ರಾಲಿ (ನಗರದ ಲಘು ರೈಲು), ಮುಕ್ಕಾಲು ಗಂಟೆಯಲ್ಲಿ ಗಡಿಯ ಪಕ್ಕದ ಕೊನೆಯ ನಿಲ್ದಾಣ ಸ್ಯಾನ್ ಇಸಿಡ್ರೊ. ಅಲ್ಲಿಂದ ನಡೆದೇ ದಾಟಬಹುದು.

ಇನ್ನು ಕಾಗದ. ನಿಮ್ಮ ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದೆಂಬ ದಾಖಲೆ) ಅವಧಿ ಉಳಿದಿದ್ದು, 30 ದಿನದೊಳಗೆ ಮರಳಿದರೆ, ಮುಗಿದ ವೀಸಾ ಇಟ್ಟುಕೊಂಡೇ ಅಮೆರಿಕದೊಳಗೆ ಬರಬಹುದು. ಆಟೊಮ್ಯಾಟಿಕ್ ರಿವ್ಯಾಲಿಡೇಶನ್ ಅಂತಾರೆ. ಐ-797 ಮತ್ತು ಐ-94ರ ಪ್ರಿಂಟ್ ಕೈಯಲ್ಲಿರಲಿ.

ಚುಲಾ ವಿಸ್ಟಾದಿಂದ: ಮೇಲಿನವರು ಹೇಳಿದ್ದು ಅಮೆರಿಕದ ಬಾಗಿಲಿನ ಮಾತು. ಮೆಕ್ಸಿಕೊದ ಬಾಗಿಲು ಬೇರೆ. ಭಾರತದ ಪಾಸ್‌ಪೋರ್ಟಿಗೆ ಮೆಕ್ಸಿಕೊ ವೀಸಾ ಬೇಡ ಅನ್ನೋದು ಅಮೆರಿಕದ ಅಥವಾ ಕೆನಡಾ, ಬ್ರಿಟನ್‌ನಂಥ ಕೆಲವು ದೇಶಗಳ ವೀಸಾ ಚಾಲ್ತಿಯಲ್ಲಿದ್ದರೆ, ಇಲ್ಲವೇ ಗ್ರೀನ್ ಕಾರ್ಡಿನಂಥ ಕಾಯಂ ವಾಸದ ಕಾರ್ಡ್ ಇದ್ದರೆ ಮಾತ್ರ. ಐ-797 ಅವರ ಲೆಕ್ಕಕ್ಕೆ ವೀಸಾ ಅಲ್ಲ. ಎಲ್ಲರೂ ಎಡವೋದು ಇಲ್ಲೇ. ಅಮ್ಮ ಹೋಗಬಹುದು, ನೀವು ಮೊದಲು ಮೆಕ್ಸಿಕೊದ ಕಾನ್ಸುಲೇಟಿನಲ್ಲಿ ವೀಸಾ ಮಾಡಿಸಬೇಕು. ಹೋಗಿಬಂದ ಮಾತ್ರಕ್ಕೆ ಅಮ್ಮನ ಐ-94 ಅವಧಿ ಮುಂದಕ್ಕೆ ಹೋಗುತ್ತೆ ಅಂದ್ಕೋಬೇಡಿ.

ಬರುವಾಗ ಗಡಿಯಲ್ಲಿ ರೆಡಿ ಲೇನ್ ಅನ್ನೋ ಬೇಗದ ಸಾಲಿಗೆ ನುಗ್ಗಬೇಡಿ. ಅದು ಗ್ರೀನ್ ಕಾರ್ಡ್‌ನಂಥ ಚಿಪ್ ಇರುವ ಕಾರ್ಡುಗಳಿಗೆ. ನಮ್ಮ ಪಾಸ್‌ಪೋರ್ಟಿಗೆ ಸಾಮಾನ್ಯ ಸಾಲೇ ಗತಿ. ಭಾನುವಾರ ಮಧ್ಯಾಹ್ನದ ಮೇಲೆ ಆ ಸಾಲು ಬಲು ಉದ್ದ.

ನ್ಯಾಷನಲ್ ಸಿಟಿಯಿಂದ: ಒಂದೊಂದು ಟಾಕೋಗೂ ಅದರದೇ ಹೊತ್ತು. ಬಿರ್ರಿಯಾ (ಮಸಾಲೆಯಲ್ಲಿ ನಿಧಾನವಾಗಿ ಬೇಯಿಸಿದ ಮಾಂಸ) ಬೆಳಗಿನದು. ಮೀನು, ಸಿಗಡಿ ಮಧ್ಯಾಹ್ನದವರೆಗೆ. ಆಡೊಬಾಡಾ ಅಂದರೆ ಮಸಾಲೆ ಹಚ್ಚಿ ಕಂಬಿಗೆ ಪೋಣಿಸಿ, ತಿರುಗಿಸುತ್ತಾ ಸುಡುವ ಹಂದಿಮಾಂಸ; ಆ ಕಂಬಿ ತಿರುಗೋದು ಹೆಚ್ಚಾಗಿ ಸಂಜೆಗೇ. ಹನ್ನೊಂದಕ್ಕೆ ಹೋಗಿ "ಆಡೊಬಾಡಾ ಎಲ್ಲಿ" ಅಂದರೆ ಮುಚ್ಚಿದ ಗಾಡಿ ನೋಡಿಕೊಂಡು ಬರಬೇಕಾಗುತ್ತೆ.

ದನದ್ದು ಬೇಡ ಅಂದಿರಲ್ಲ, ಇದನ್ನು ಬರೆದಿಟ್ಟುಕೊಳ್ಳಿ: ಆಸಾಡಾ, ಸುವಾಡೆರೊ, ಲೆಂಗುವಾ (ನಾಲಿಗೆ), ಕಾಬೆಸಾ (ತಲೆ), ತ್ರಿಪಾ (ಕರುಳು) ಎಲ್ಲ ದನದ್ದು. ಮೆಕ್ಸಿಕೊದ ಹಲಿಸ್ಕೊ ರಾಜ್ಯದಲ್ಲಿ ಬಿರ್ರಿಯಾ ಅಂದರೆ ಮೇಕೆ, ಟಿಹುವಾನಾದಲ್ಲಿ ಹೆಚ್ಚಾಗಿ ದನ. ಆಡೊಬಾಡಾ, ಚೊರೀಸೊ, ಬುಚೆ ಹಂದಿ. ಪೆಸ್ಕಾಡೊ ಮೀನು, ಕಾಮರೋನ್ ಸಿಗಡಿ. ಕೋಳಿ ಗಾಡಿಗಳಲ್ಲಿ ಅಪರೂಪ. ಕಾಂಪೆಚಾನೊ ಅಂದರೆ ಎರಡು ಬಗೆ ಕಲಸಿದ್ದು, ಕೇಳದೆ ತಗೋಬೇಡಿ.

ಆಡೊಬಾಡಾದ ಕೆಂಪು ನೋಡಿ ಹೆದರಬೇಡಿ. ಅದು ಗುವಾಹೀಯೊ ಮೆಣಸಿನಕಾಯಿ, ನಮ್ಮ ಬ್ಯಾಡಗಿಯ ಹಾಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಖಾರ ಪಕ್ಕದ ಬಟ್ಟಲಿನ ಚಿಲೆ ದೆ ಆರ್ಬೊಲ್ (ಖಾರದ ಸಣ್ಣ ಮೆಣಸಿನಕಾಯಿ) ಸಾಲ್ಸಾದಲ್ಲಿ, ಅಂದರೆ ಚಟ್ನಿಯಲ್ಲಿ. ಕಂಬಿಯ ಮಾಂಸದ ಹೊರಪದರ ಕರಿಗಟ್ಟಿ ಅಂಚು ಗರಿಗರಿಯಾದ ಮೇಲೆ ಕೊಯ್ದಿದ್ದೇ ರುಚಿ. ಜನ ನೂಕುನುಗ್ಗಲು ಇದ್ದಾಗ ಬೇಯುವ ಮೊದಲೇ ಕೊಯ್ದು, ಕಾವಲಿ ಮೇಲೆ ಬಾಡಿಸಿ ಕೊಡ್ತಾರೆ, ಮೆತ್ತಗಿರುತ್ತೆ. "ಕೊನ್ ತೋದೊ" ಅಂದರೆ ಈರುಳ್ಳಿ, ಕೊತ್ತಂಬರಿ, ಸಾಲ್ಸಾ, ಗ್ವಾಕಮೋಲಿ (ಬೆಣ್ಣೆಹಣ್ಣಿನ ಚಟ್ನಿ) ಎಲ್ಲ ಹಾಕಿ, ಕಾಗದದಲ್ಲಿ ಪೊಟ್ಟಣದ ಹಾಗೆ ಸುತ್ತಿ ಕೊಡ್ತಾರೆ. ಬಾಗಿ ನಿಂತು ತಿನ್ನಿ, ಇಲ್ಲವಾದರೆ ರಸ ಅಂಗಿ ಮೇಲೆ.

ತಿಂದ ಮೇಲೆ ದುಡ್ಡು. ಫಲಕದ ಮೇಲಿನ ಡಾಲರ್ ಗುರುತು ಪೆಸೊದ್ದೇ, ಗಾಬರಿ ಬೇಡ. ಡಾಲರ್ ಕೊಟ್ಟರೆ ತಗೋತಾರೆ, ದರ ಮಾತ್ರ ಅವರದು. ಎಟಿಎಂನಲ್ಲಿ "ಡಾಲರಿಗೆ ಪರಿವರ್ತಿಸಲೇ" ಅಂತ ಕೇಳಿದರೆ ಬೇಡ ಅನ್ನಿ.

ಸಸ್ಯಾಹಾರಿಯೊಬ್ಬರು: ಅಮ್ಮನ ವಿಷಯ. ಮೆಕ್ಕೆಜೋಳದ ಟೋರ್ಟಿಯಾ (ಟಾಕೋದ ತೆಳು ರೊಟ್ಟಿ) ಸುಣ್ಣದ ನೀರಲ್ಲಿ ಬೇಯಿಸಿದ ಕಾಳಿನದು, ಸಾಮಾನ್ಯವಾಗಿ ಕೊಬ್ಬು ಹಾಕಲ್ಲ. ಗೋಧಿಯದರಲ್ಲಿ ಮತ್ತು ಹುರುಳಿಕಾಯಿ ಕಾಳಿನ ಪಲ್ಯದಂಥ ಫ್ರಿಹೋಲೆಸ್‌ನಲ್ಲಿ "ಮಾಂಟೆಕಾ", ಅಂದರೆ ಹಂದಿ ಕೊಬ್ಬು, ಹಾಕೋದು ರೂಢಿ. "ಯೆವಾ ಮಾಂಟೆಕಾ?" ಅಂತ ಕೇಳಿ. "ಸಿನ್ ಕಾರ್ನೆ" (ಮಾಂಸ ಬೇಡ) ಅಂತ ಹೇಳಿದರೆ ಸಾಲದು, ಕೋಳಿಯನ್ನು ಕೆಲವರು ಕಾರ್ನೆ ಅಂತ ಎಣಿಸಲ್ಲ. ಸಿಗುವುದು ನೊಪಾಲ್ (ಪಾಪಾಸುಕಳ್ಳಿ), ಪಾಪಾ (ಆಲೂಗಡ್ಡೆ), ಕೇಸೊ (ಚೀಸ್). ಆದರೆ ಕಾವಲಿ, ಚಾಕು ಎರಡೂ ಮಾಂಸದ್ದೇ. ಅದು ಒಗ್ಗದವರಿಗೆ ಗಾಡಿಯಲ್ಲಿ ಓರ್ಚಾತಾ ಬಿಟ್ಟರೆ ಹೆಚ್ಚೇನಿಲ್ಲ: ಅಕ್ಕಿ ನೆನೆಸಿ ರುಬ್ಬಿ ದಾಲ್ಚಿನ್ನಿ ಹಾಕಿದ ತಂಪು ಪಾನೀಯ. ಮಂಜುಗಡ್ಡೆ ನಡುವೆ ತೂತಿದ್ದರೆ ಕಾರ್ಖಾನೆಯದು, ಕುಡಿಯಬಹುದು.

ಪ್ರಶ್ನೆ ಕೇಳಿದವರು: ಹಾಗಾದರೆ ಈ ಸಲ ನನಗೆ ಗಡಿ ದಾಟೋ ಭಾಗ್ಯ ಇಲ್ಲ. ಗಡಿಯ ಈಚೆ ಬದಿಯಲ್ಲೇ ಆ ರುಚಿ ಸಿಗುತ್ತಾ?

ಚುಲಾ ವಿಸ್ಟಾದಿಂದ: ಸಿಗುತ್ತೆ. ಟಿಹುವಾನಾದಲ್ಲೇ ಹುಟ್ಟಿದ ಟಾಕೋಸ್ ಎಲ್ ಗೋರ್ಡೊ ಅನ್ನೋ ಟಾಕೋ ಅಂಗಡಿ ಇಲ್ಲಿ ಚುಲಾ ವಿಸ್ಟಾದಲ್ಲಿದೆ. ಅದೇ ಬ್ಲೂ ಲೈನ್, ಎಚ್ ಸ್ಟ್ರೀಟಿನಲ್ಲಿ ಇಳಿದು ನಡೆಯಿರಿ. ಒಂದೇ ಕೌಂಟರ್ ಅಲ್ಲ, ಮಾಂಸದ ಬಗೆಗೊಂದು ಸಾಲು. ಮೇಲಿನ ಫಲಕ ಓದಿ ಆಡೊಬಾಡಾ ಸಾಲಿನಲ್ಲೇ ನಿಲ್ಲಿ. ಅರ್ಧ ಗಂಟೆ ನಿಂತ ಮೇಲೆ "ಇದು ಆಸಾಡಾ ಸಾಲು" ಅಂದರೆ ಮತ್ತೆ ಹಿಂದಿನಿಂದ ಶುರು. ಅಮ್ಮನಿಗೆ ಚಪಾತಿ, ಪಲ್ಯ ಬುತ್ತಿ ಕಟ್ಟಿಕೊಂಡು ಹೋಗಿ. ವಾಪಸ್ ಸರ್ಫ್‌ಲೈನರಿನ ಕೊನೆ ರೈಲು ಎಷ್ಟಕ್ಕೆ ಅಂತ ಸಾಲಿಗೆ ನಿಲ್ಲುವ ಮೊದಲೇ ನೋಡಿ.