ಮುಳುಗಡೆ ಊರಿನ ಮನೆತನ: ಮುತ್ತಜ್ಜನಿಂದ ಹಿಂದಕ್ಕೆ ಹೋಗುವುದು ಹೇಗೆ?

ಪ್ರಶ್ನೆ
ಬೀಳಗಿ ತಾಲೂಕಿನ ಘಟಪ್ರಭಾ ದಂಡೆಯ ಊರು, ಆಲಮಟ್ಟಿ ಹಿನ್ನೀರಿಗೆ ಹೋಗಿದೆ. ಮುತ್ತಜ್ಜನ ಹೆಸರು, ಒಂದು ಸರ್ವೆ ನಂಬರ್ ಇಷ್ಟೇ ಕೈಯಲ್ಲಿದೆ. ಜನನ-ಮರಣ ನೋಂದಣಿಯಲ್ಲಿ ಏನೂ ಸಿಗಲಿಲ್ಲ. ವಂಶಾವಳಿ, ಊರಿನ ಇತಿಹಾಸ ಎರಡೂ ಬೇಕು.

ಉತ್ತರಗಳು (ಮೇಲೆ ಬರೆದವರ ಅಡ್ಡಹೆಸರು)

ಹಳೆಉತಾರ
ಜನನ-ಮರಣದ ಬೆನ್ನ ಹತ್ತಬ್ಯಾಡ್ರಿ, 1969ರ ಕಾಯ್ದೆಕ್ಕಿಂತ ಹಿಂದಿನ ಹಳ್ಳಿ ನೋಂದಣಿ ಭಾಳ ಹರಕು. ವಾರಸಾ ಡೈರಿ ಹಿಡೀರಿ, ಅಂದ್ರ ಹೊಲದ ಖಾತೆ ಸತ್ತವರಿಂದ ವಾರಸದಾರರ ಹೆಸರಿಗೆ ಬದಲಾದ ದಾಖಲೆ. ಹಳೆ ಉತಾರದಾಗ (ಪಹಣಿಯೊಳಗ) ಹೆಸರಿನ ಬಾಜೂಕ ಡೈರಿ ನಂಬರ್ ಇರತದ. ಊರು, ಸರ್ವೆ ನಂಬರ್, ಡೈರಿ ನಂಬರ್ ಬರದು ತಹಶೀಲ್ದಾರ್ ಕಚೇರಿ ಅಭಿಲೇಖಾಲಯಕ್ಕ ನಕಲಿಗೆ ಅರ್ಜಿ ಕೊಡ್ರಿ. ಯಾರು ಸತ್ತರು, ವಾರಸದಾರರು ಯಾರ‍್ಯಾರು ಅಂತ ಅದರಾಗ ಇರತದ. ಅಲ್ಲಿಂದ ಅದರ ಹಿಂದಿನ ಡೈರಿಗೆ ಇಳೀರಿ. ಆಗ ನಮ್ಮ ಭಾಗ ಇದ್ದ ಮುಂಬೈ ಇಲಾಖೆಯೊಳಗ ಹಕ್ಕುದಾಖಲೆ ಕಾಯ್ದೆ ಬಂದದ್ದು 1903ರಾಗ, ಅದಕ್ಕಿಂತ ಹಿಂದ ಈ ದಾರಿ ಇಲ್ಲ.

ಸರ್ವೆ ನಂಬರ್ 45/2ಅ ಅಂತ ಕೇಳಿದ್ರ ಹಳೇದು ಸಿಗಂಗಿಲ್ಲ, ಪೋಡಿ (ಹೊಲ ಒಡದು ಬ್ಯಾರೆ ನಂಬರ್ ಕೊಡೂದು) ಆಗೂಕಿಂತ ಮೊದಲ ಅದು ಬರೇ 45. ಹೆಸರಿನ ಜೋಡಿ 'ಏ.ಕು.ಮ್ಯಾ.' ಕಂಡ್ರ ಏಕತ್ರ ಕುಟುಂಬದ ಮ್ಯಾನೇಜರ್ ಅಂತ ಅರ್ಥ. ತಮ್ಮಂದಿರು ಅದರ ಹಿಂದ ಅಡಗಿರತಾರ. ಒಬ್ಬನ ಮಗಾ ಅಂತ ತಿಳದು ಟೊಂಗಿನ ಕಡದು ಒಗೀಬ್ಯಾಡ್ರಿ.

ಘಟಪ್ರಭಾ ದಂಡಿ
ಮುಳುಗಡೆ ಊರಿಗೆ ಒಂದು ಅನುಕೂಲ ಉಂಟು: ಭೂಸ್ವಾಧೀನದ ಐತೀರ್ಪು, ಅಂದರೆ ಪರಿಹಾರದ ಆದೇಶ. ಸರ್ವೆ ನಂಬರ್‌ವಾರು ಖಾತೆದಾರರು, ಪರಿಹಾರಕ್ಕೆ ತಕರಾರು ಹಾಕಿದ ದಾಯಾದಿಗಳು ಅದರಲ್ಲಿ ಸಿಗುತ್ತಾರೆ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೆ ಮೊದಲು ವಿಜಯಪುರ ಜಿಲ್ಲೆ, ಹಾಗಾಗಿ ಹಳೆ ಕಡತವನ್ನು ವಿಜಯಪುರದಲ್ಲೂ ವಿಚಾರಿಸಿ. ಶಾಲೆಯ ದಾಖಲಾತಿ ರಜಿಸ್ಟರಿನಲ್ಲಿ ಅಪ್ಪನ ಹೆಸರು ನಂಬಿ, ಜನ್ಮದಿನ ನಂಬಬೇಡಿ. ಅರ್ಧ ಊರು ಜೂನ್ 1ಕ್ಕೇ ಹುಟ್ಟಿರುತ್ತದೆ.

ಮನೆತನಗಳ ವಂಶಾವಳಿ ಬರೆದಿಟ್ಟು ಓದಿ ಹೇಳುವ ಹೆಳವರನ್ನು ಬಿಡಬೇಡಿ. ನಿಮ್ಮ ಮನೆತನ ಯಾವ ಹೆಳವರ ಪಾಲಿಗಿದೆ ಎಂದು ಪುನರ್ವಸತಿ ಕೇಂದ್ರದ ಹಿರಿಯರನ್ನು ಕೇಳಿ, ಅವರು ಓದಿ ಹೇಳುವಾಗ ಧ್ವನಿಮುದ್ರಿಸಿಕೊಳ್ಳಿ. ತಲೆಮಾರಿನ ಕ್ರಮ ಸಿಗುತ್ತದೆ. ಇಸವಿಗೆ ಡೈರಿಯೇ ಗತಿ. ದತ್ತಕ ಬಂದವರನ್ನು ಬಿಡಿಸಿ ಕೇಳಿ.

ಮೋಡಿಓದು
ಗೌಡಕಿ, ಕುಲಕರ್ಣಿಕಿ ವತನದ (ವಂಶಪಾರಂಪರ್ಯ ಹುದ್ದೆಯ) ಮನೆತನವಾದರೆ ಪುಣೆಯ ಪೇಶ್ವೆ ದಫ್ತರದವರೆಗೂ (ಪೇಶ್ವೆ ಕಾಲದ ಕಡತಗಳು) ಹೋಗಬಹುದು. ಆದರೆ ಮೋಡಿ ಲಿಪಿ, ಮರಾಠಿ ಭಾಷೆ, ಇಸವಿ ಅರಬ್ಬಿ ಪದಗಳಲ್ಲಿ. 'ಸಲಾಸ ಸಬೈನ್ ಮಯಾ ವ ಅಲಫ್' ಎಂದರೆ 3+70+100+1000, ಮರಾಠಾ ಕಾಗದಗಳ ಶುಹೂರ್ ಕಾಲಗಣನೆಯಲ್ಲಿ 1173. ವರ್ಷ ಶುರುವಾಗುವುದು ಮೃಗಶಿರಾ ಮಳೆಗೆ; ಜೂನ್‌ನಿಂದ ಡಿಸೆಂಬರಿಗೆ 599, ಜನವರಿಯಿಂದ ಮುಂದೆ 600 ಕೂಡಿಸಿದರೆ ಕ್ರಿ.ಶ. ಇಸವಿ: 1772-73.

ಶಾಸನಕ್ಕೆ ಎಪಿಗ್ರಾಫಿಯಾ ಕರ್ನಾಟಿಕಾ ತಿರುವಿ ನಿರಾಶರಾಗಬೇಡಿ, ಅದು ಮುಖ್ಯವಾಗಿ ಹಳೆ ಮೈಸೂರಿನದು. ನಮ್ಮ ಭಾಗದವು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್‌ನ 11, 15, 18, 20ನೇ ಸಂಪುಟಗಳಲ್ಲಿವೆ. ಊರನ್ನು ಹಳೆ ಹೆಸರಲ್ಲೂ ಹುಡುಕಿ. ಬಾಗಲಕೋಟೆ ಅಲ್ಲಿ ಬಾಗಡಗೆ.

ಹಳೆಉತಾರ
ಒಂದು ಮರತಿದ್ದೆ. ಹೆಣ್ಣು ಕೊಟ್ಟ ಊರು ಜಮಖಂಡಿ, ಮುಧೋಳ ಸಂಸ್ಥಾನದಾಗಿದ್ರ 1948ರ ಹಿಂದಿನ ಕಾಗದ ಸಂಸ್ಥಾನದ ದಫ್ತರದ್ದು. ಮುಂಬೈ ಸರ್ಕಾರದ ಕಡತದಾಗ ಹುಡುಕಿದ್ರ ಸಿಗೂದಿಲ್ಲ.